ಬೂದಿ ಬುಧವಾರಕ್ಕೆ ಮೊದಲು ಒಂದು ಸಾಲು

ಮಲಿನಾವ್
ನವೆಂಬರ್ 18, 2018, ಭಾನುವಾರ

ಪ್ರೀತಿಯ ಅಕ್ಕ,

ಮಧ್ಯಾಹ್ನ ಮೂರು ಗಂಟೆ. ಬೆಳಿಗ್ಗೆ ಪೂಜೆಗೆ ಹೋಗಿಬಂದೆವು. ಆಮೇಲೆ ಅಂಗಡಿ ತೆಗೆದೆ. ಒಣಮೀನು ಎಲ್ಲ ಖಾಲಿಯಾಯಿತು. ಅತ್ತೆ ಮಲಗಿದ್ದಾರೆ, ಕಿಯೆಲ್ ಅಜ್ಜಿಯ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ಮಲಗಿದ್ದಾನೆ. ಅವನಪ್ಪ ರೊಹೆಲ್ ಆಟೋದಲ್ಲಿ ಜನರನ್ನು ದಕ್ಕೆಗೆ ಬಿಡಲು ಹೋಗಿದ್ದಾನೆ.

ಪತ್ರಿಕೆಯಲ್ಲಿ ಬರುವ ಸುದ್ದಿ ಬೇಡ, ಜನ ಏನು ಹೇಳುತ್ತಾರೆ ಅದನ್ನು ಬರಿ, ಯಾವುದಕ್ಕೆ ಪ್ರಾರ್ಥಿಸಬೇಕು ಎಂದು ಅದರಿಂದ ತಿಳಿಯುತ್ತದೆ ಎಂದು ನೀನು ಬರೆದಿದ್ದೆ. ಜನ ಹೇಳುವುದನ್ನೆಲ್ಲ ಬರೆದರೆ ನಿನ್ನ ಮಠದವರು ಊಟ ನಿದ್ದೆ ಬಿಟ್ಟು ಪ್ರಾರ್ಥಿಸಬೇಕಾಗುತ್ತದೆ.

ನಮ್ಮ ಅಂಗಡಿಯ ಮುಂದಿನ ಬೆಂಚು ನಿನಗೆ ನೆನಪಿದೆಯಲ್ಲ. ಮಾಂಗ್ ಲಿತೊ ಈಗಲೂ ಅದರ ಎಡ ತುದಿಯಲ್ಲೇ ಕೂರುತ್ತಾರೆ. ದೋಣಿ ಎಂಜಿನ್ ರಿಪೇರಿ ಬಿಟ್ಟ ಮೇಲೆ ದೇಶ ರಿಪೇರಿ ಮಾಡುತ್ತಿದ್ದಾರೆ. ಜನರನ್ನು ಒಯ್ಯುವ ಹಳೆಯ ಜೀಪುಗಳನ್ನೆಲ್ಲ ರಸ್ತೆಯಿಂದ ತೆಗೆಯುತ್ತಾರಂತೆ ಎಂದು ರೇಡಿಯೊದಲ್ಲಿ ಬಂತು. "ಹೊಗೆ ಬರತ್ತೆ ಅಂತ ಜೀಪ್ ತೆಗೀತಾರಂತೆ. ಹಾಗಾದ್ರೆ ಮೊದಲು ನಮ್ಮೆಂಡ್ತಿ ಒಲೆ ತೆಗೀಲಿ" ಎಂದರು. ಅವರ ಹೆಂಡತಿ ಎದುರು ಮನೆಯ ಒಳಗಿನಿಂದಲೇ, "ತೆಗೀಲಿ, ಆಮೇಲೆ ನೀವು ಸರ್ಕಾರದ ಮನೇಲೇ ಉಣ್ಣಿ" ಎಂದರು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ಜೋಸಿ ಸೂಜಿಮದ್ದಿನ ಐಸ್ ಪೆಟ್ಟಿಗೆ ನೇತುಹಾಕಿಕೊಂಡು ಬಂದಳು.

"ಏನಮ್ಮ ಜೋಸಿ, ಐಸ್‌ಕ್ಯಾಂಡಿ ಇದೆಯಾ?" ಎಂದರು ಮಾಂಗ್ ಲಿತೊ.

"ಇದೆ. ನಿಮಗೂ ಒಂದು ಕೊಡ್ತೀನಿ, ಪ್ಯಾಂಟ್ ಸ್ವಲ್ಪ ಇಳಿಸಿ."

ಬೆಂಚಿನವರೆಲ್ಲ ನಕ್ಕರು. ಅತ್ತೆ ಮಾತ್ರ ಕಿಯೆಲ್‌ನನ್ನು ಎತ್ತಿ ಸೊಂಟಕ್ಕೆ ಕೂರಿಸಿಕೊಂಡರು. "ನಮ್ಮ ಬಾಗಿಲಿಗೆ ಬರ್ಬೇಡ ಜೋಸಿ. ಟಿವೀಲಿ ಆ ತಾಯಂದಿರು ಮಕ್ಕಳ ಫೋಟೋ ಹಿಡ್ಕೊಂಡು ಅಳೋದು ನಾನು ನೋಡಿದೀನಿ."

"ಅದು ಡೆಂಗಿದು, ಅಮ್ಮಾ. ಅದೇ ಬೇರೆ, ಇದೇ ಬೇರೆ. ಇದು ದಡಾರದ್ದು. ನಿಮ್ಮ ರೊಹೆಲ್‌ಗೂ ಇದನ್ನೇ ಹಾಕ್ಸಿದ್ರಿ."

"ಸೂಜಿ ಸೂಜಿನೇ."

"ಗಣಿ ಕೆಸರು ನದಿಗೆ ಬಿದ್ದಾಗ್ಲೂ ಸರ್ಕಾರದಿಂದ ಕನ್ನಡಕದೋರು ಬಂದಿದ್ರು," ಎಂದರು ಮಾಂಗ್ ಲಿತೊ. "ಏನೂ ಆಗಲ್ಲ, ಮೀನು ತಿನ್ನಿ ಅಂದ್ರು. ತಾವು ಮಾತ್ರ ಡಬ್ಬಿ ಮೀನು ತಿಂದ್ಕೊಂಡು ಹೋದ್ರು."

ಪಕ್ಕದ ಮನೆಯ ಜೆನಲಿನ್ ಎರಡು ತಿಂಗಳ ಮಗುವಿಗೆ ಹಾಲು ಕುಡಿಸುತ್ತ ಕೂತಿದ್ದವಳು ಮಗುವಿನ ಮೇಲೆ ಟವೆಲ್ ಎಳೆದುಕೊಂಡಳು.

ಕಿಯೆಲ್‌ಗೆ ದಡಾರದ ಸೂಜಿ ಹಾಕಿಸುವ ಒಂಬತ್ತನೆಯ ತಿಂಗಳು ತುಂಬಿದಾಗಲೇ, ಡೆಂಗಿ ಸೂಜಿಯಿಂದ ಶಾಲೆಯ ಮಕ್ಕಳು ಸತ್ತರು ಎಂಬ ಗಲಾಟೆ ಶುರುವಾಗಿತ್ತು. ಆಗ ತಪ್ಪಿದ್ದು ತಪ್ಪಿತು. ಈಗ ಒಂದು ವರ್ಷ ಎಂಟು ತಿಂಗಳು. ನಾನು ಈ ಮಾತು ಎತ್ತಿದರೆ ಅತ್ತೆ ಆ ದಿನವೆಲ್ಲ ನನ್ನ ಜೊತೆ ಮಾತಾಡುವುದಿಲ್ಲ. ಅದಕ್ಕೆ ಎತ್ತುವುದಿಲ್ಲ.

ಕೂವೆ ಬಿಸ್ಕತ್ತು ಕಳಿಸಿದ್ದೇನೆ. ಅರ್ಧ ಪುಡಿಯಾಗಿರುತ್ತದೆ.

ನಿನ್ನ ತಂಗಿ,
ಮಾರಿಫೆ

*

ಸಂತ ಕ್ಲಾರಾ ಮಠ
ನವೆಂಬರ್ 28, 2018

ಪ್ರೀತಿಯ ಮಾರಿಫೆ,

ಬಿಸ್ಕತ್ತು ಬಂತು. ಪುಡಿಯಾಗಿದ್ದನ್ನು ಮದರ್ ತಾವೇ ತೆಗೆದುಕೊಂಡು ಇಡಿಯಾಗಿದ್ದನ್ನು ನಮಗೆ ಹಂಚಿದರು. ಮಾಂಗ್ ಲಿತೊರ ಒಲೆಯ ಮಾತನ್ನು ವಿರಾಮದ ಹೊತ್ತಿನಲ್ಲಿ ಹೇಳಿದೆ. ಎಂಬತ್ತು ದಾಟಿದ ಸಿಸ್ಟರ್ ಫೆಲಿಸಾ ಕೂಡ ಕಣ್ಣೊರೆಸಿಕೊಂಡು ನಕ್ಕರು.

ಆ ಡೆಂಗಿ ಸೂಜಿಯ ಸುದ್ದಿಯನ್ನು ಮದರ್ ನಮಗೂ ಓದಿ ಹೇಳಿದ್ದರು. ಆ ತಾಯಂದಿರಿಗಾಗಿ ಒಂದು ದಿನ ಉಪವಾಸ ಮಾಡಿದೆವು. ಮನುಷ್ಯರು ಎಲ್ಲದಕ್ಕೂ ಅವಸರ ಪಡುತ್ತಾರೆ, ಮಕ್ಕಳ ಮೈ ಅವಸರಕ್ಕೆ ಇರುವುದಲ್ಲ. ನಿನ್ನ ಅತ್ತೆಯ ಆತಂಕ ನನಗೆ ಅರ್ಥವಾಗುತ್ತದೆ. ಹೆತ್ತು ಸಾಕಿದವರ ಮನಸ್ಸಿಗೆ ಕೆಲವು ಸಂಗತಿಗಳು ಮೊದಲೇ ತಿಳಿಯುತ್ತವೆ. ಅವರ ಜೊತೆ ವಾದಿಸಬೇಡ, ಮನೆಯಲ್ಲಿ ಸಮಾಧಾನ ಇರಲಿ.

ಭಾನುವಾರದಿಂದ ಆಗಮನ ಕಾಲ. ಕ್ರಿಸ್ಮಸ್ ವರೆಗೆ ನಮಗೆ ಪತ್ರ ಇಲ್ಲ, ಬಂದದ್ದೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರುತ್ತದೆ. ಕಿಯೆಲ್‌ಗೆ ಮುತ್ತು. ಈಗ ಎರಡು ಮಾತು ಜೋಡಿಸಿ ಹೇಳುತ್ತಾನೆಯೇ?

ಯೇಸುವಿನಲ್ಲಿ ನಿನ್ನ ಅಕ್ಕ,
ಸಿಸ್ಟರ್ ಅಸುಂತಾ

*

ಮಲಿನಾವ್
ಜನವರಿ 6, 2019, ಭಾನುವಾರ

ಪ್ರೀತಿಯ ಅಕ್ಕ,

ಬೆಳಿಗ್ಗೆ ಹತ್ತು ಗಂಟೆ. ಮೂರು ರಾಜರ ಹಬ್ಬದ ಪೂಜೆ ಮುಗಿಯಿತು. ಕಿಯೆಲ್ ದೇವಾಲಯದಲ್ಲಿ ಕ್ರಿಸ್ಮಸ್‌ಗೆ ಕಟ್ಟಿದ ಗೋದಲಿಯಿಂದ ಒಂದು ಮಣ್ಣಿನ ಕುರಿ ಕದ್ದು ಜೇಬಿಗೆ ಹಾಕಿಕೊಂಡಿದ್ದ. ಫಾದರ್ ನೋಡಿಯೂ ನೋಡದ ಹಾಗೆ ಇದ್ದರು. ಹೌದು, ಎರಡು ಮಾತು ಜೋಡಿಸುತ್ತಾನೆ. "ಅಜ್ಜಿ ಬಾ." "ಕುರಿ ನಂದು." ಅಷ್ಟೇ.

ಈ ವಾರ ಬೆಂಚಿನಲ್ಲಿ ಚಂದ್ರನದೇ ಮಾತು. ಚೀನಾದವರು ಚಂದ್ರನ ಹಿಂದುಗಡೆ ಯಂತ್ರ ಇಳಿಸಿದ್ದಾರೆ. ಮಾಂಗ್ ಲಿತೊ ನಂಬುವುದಿಲ್ಲ. "ಹಿಂದುಗಡೆ ಯಾರಿಗೆ ಕಾಣತ್ತೆ? ನಾನೂ ಇಳಿಸಿದೀನಿ ಅಂತೀನಿ, ಹೋಗಿ ನೋಡ್ಕೊಂಡು ಬನ್ನಿ!" ರೊಹೆಲ್ ಫೋನಿನಲ್ಲಿ ಚಿತ್ರ ತೋರಿಸಿದ. "ಇದು ನಮ್ಮ ಗಣಿ ಗುಡ್ಡ ಕಣೋ" ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಹಾಗೇ ಕಾಣುತ್ತಿತ್ತು.

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಡಿಗೆ ಹೋಗಿ ಜೆನಲಿನ್‌ಳಿಂದ ಇನ್ನೊಮ್ಮೆ ಜೋರಾಗಿ ಓದಿಸಿದರು. "ಕೇಳಿಸ್ಕೊಳ್ಳಿ, ಮಠದ ಸಿಸ್ಟರ್ರೇ ಹೇಳ್ತಿದಾರೆ. ಮಕ್ಕಳ ಮೈ ಅವಸರಕ್ಕಲ್ಲ." ಈಗ ಆ ಪತ್ರ ಬಾಲಯೇಸುವಿನ ಪಟದ ಹಿಂದೆ ಇದೆ. ಜೋಸಿ ಬಂದರೆ ಅತ್ತೆ ಮಾತಾಡುವುದೇ ಇಲ್ಲ, ಪಟದ ಕಡೆ ಕೈ ತೋರಿಸುತ್ತಾರೆ. ನಗು ಬರುತ್ತದೆ. ಪೂರ್ತಿ ನಗುವೂ ಅಲ್ಲ.

ಅತ್ತೆ ಈಗ ನನ್ನ ಜೊತೆ ತುಂಬಾ ಚೆನ್ನಾಗಿದ್ದಾರೆ. ನಿನ್ನೆ ತಮ್ಮ ಹಳೆಯ ರೇಷ್ಮೆ ಶಾಲು ಕೊಟ್ಟರು.

ಮಾರಿಫೆ

*

ಸಂತ ಕ್ಲಾರಾ ಮಠ
ಜನವರಿ 21, 2019

ಪ್ರೀತಿಯ ಮಾರಿಫೆ,

ಚಂದ್ರನ ಹಿಂಬದಿಯ ಸುದ್ದಿ ಕೇಳಿ ನಾವೆಲ್ಲ ಸಂಜೆ ತೋಟದಲ್ಲಿ ತಲೆ ಎತ್ತಿಕೊಂಡು ನಿಂತೆವು, ಏನೋ ಕಾಣುತ್ತದೆ ಎನ್ನುವ ಹಾಗೆ. ಇಲ್ಲಿ ಮದುವೆಯ ಕಾಲ. ಮದುವೆ ದಿನ ಮಳೆ ಬರದಿರಲು ಪ್ರಾರ್ಥಿಸಿ ಎಂದು ಜನ ನಮಗೆ ಮೊಟ್ಟೆ ತಂದು ಕೊಡುತ್ತಲೇ ಇದ್ದಾರೆ. ದಿನಾ ಮೊಟ್ಟೆ ತಿಂದು ತಿಂದು ಸಿಸ್ಟರ್ ಫೆಲಿಸಾ ನಾನೇ ಕೋಳಿಯಾಗುತ್ತೇನೆ ಎನ್ನುತ್ತಾರೆ.

ನನ್ನ ಪತ್ರಕ್ಕೆ ಬಾಲಯೇಸುವಿನ ಹತ್ತಿರ ಜಾಗ ಸಿಕ್ಕಿತೆಂದು ಓದಿ ಸಂತೋಷವಾಯಿತು. ನಿನ್ನ ಅತ್ತೆಗೆ ನನ್ನ ವಂದನೆ ಹೇಳು. ನೀವಿಬ್ಬರೂ ಹೊಂದಿಕೊಂಡಿದ್ದೀರಿ, ನನಗೆ ಅದೇ ದೊಡ್ಡದು. ಮದುವೆಯಾದ ಹೊಸದರಲ್ಲಿ ನೀನು ಬರೆಯುತ್ತಿದ್ದ ಪತ್ರಗಳನ್ನು ನಾನು ಮರೆತಿಲ್ಲ.

ಸಿಸ್ಟರ್ ಅಸುಂತಾ

*

ಮಲಿನಾವ್
ಫೆಬ್ರವರಿ 24, 2019, ಭಾನುವಾರ

ಅಕ್ಕ,

ಸಂಜೆ ಐದು ಗಂಟೆ. ಈವತ್ತು ಹಗಲೆಲ್ಲ ಮಾತೇ ಆಯಿತು. ನಾಳೆ ಬೆಳಗಿನ ದೋಣಿಗೆ ಈ ಪತ್ರ ಹಾಕಬೇಕು, ಅದಕ್ಕೆ ಬೇಗ ಬೇಗ ಬರೆಯುತ್ತಿದ್ದೇನೆ.

ದಡಾರ ಬಂದಿದೆ. ನಿನಗೆ ಗೊತ್ತೋ ಇಲ್ಲವೋ. ಮನಿಲಾದ ಆಸ್ಪತ್ರೆಗಳಲ್ಲಿ ಒಂದೊಂದು ಮಂಚದಲ್ಲಿ ಎರಡು ಮೂರು ಮಕ್ಕಳು ಮಲಗಿರುವುದನ್ನು ಟಿವಿಯಲ್ಲಿ ತೋರಿಸುತ್ತಿದ್ದಾರೆ. ಈ ವಾರ ನಮ್ಮ ದ್ವೀಪಕ್ಕೂ ಬಂತು, ಪಕ್ಕದ ಪಟ್ಟಣದಲ್ಲಿ ಒಂದು ಮಗುವಿಗೆ. ಜೋಸಿ ಬೆಳಿಗ್ಗೆಯೂ ಬಂದಳು, ಮಧ್ಯಾಹ್ನವೂ ಬಂದಳು. ಈ ಸಲ ಅವಳು ತಮಾಷೆ ಮಾಡಲಿಲ್ಲ.

ಬೆಂಚಿನವರಲ್ಲಿ ಒಬ್ಬರು ಸೂಜಿಗೆ ಹೆದರಿ ರೋಗ ಬಂತು ಎಂದರೆ ಇನ್ನೊಬ್ಬರು ಸೂಜಿ ಮಾರುವುದಕ್ಕೇ ರೋಗ ಬಿಟ್ಟಿದ್ದಾರೆ ಎನ್ನುತ್ತಾರೆ. "ಚುನಾವಣೆ ಹತ್ರ ಬಂತಲ್ಲ, ಅದಕ್ಕೇ" ಎಂದರು ಮಾಂಗ್ ಲಿತೊ. ಯಾವುದಕ್ಕೇ ಎಂದು ಕೇಳಿದರೆ ಹೇಳಲಿಲ್ಲ.

ನಾನು ಈ ಸಲ ಸುಮ್ಮನಿರಲಿಲ್ಲ. ಊಟಕ್ಕೆ ಕೂತಾಗ, "ಕಿಯೆಲ್‌ಗೆ ಹಾಕ್ಸೋಣ" ಎಂದೆ. ರೊಹೆಲ್ ತಟ್ಟೆ ನೋಡುತ್ತ, "ಅಮ್ಮ ಒಪ್ಪಿದ್ರೆ ನಂದೇನಿಲ್ಲ" ಎಂದ.

ಅತ್ತೆ ಕಿಯೆಲ್ ತಟ್ಟೆಯ ಮೀನಿನ ಮುಳ್ಳನ್ನೆಲ್ಲ ಬಿಡಿಸಿ ಮುಗಿಸಿದರು. ಅವರ ಮೊದಲ ಮಗಳ ಸಂಗತಿ ನಿನಗೆ ಹೇಳಿದ್ದೆನೇ? ಮಗುವಿಗೆ ಜ್ವರ ಎಂದು ಯಾರೋ ಬಂದು ಸೂಜಿ ಹಾಕಿದರಂತೆ, ಬೆಳಗಾಗುವಾಗ ಮಗು ಇರಲಿಲ್ಲವಂತೆ. ಜ್ವರದಿಂದಲೋ ಯಾತರಿಂದಲೋ, ಆ ಕಾಲದಲ್ಲಿ ಕೇಳುವವರು ಯಾರು. ಆಮೇಲೆ ಅವರು ಹೇಳಿದ್ದು ಇದು: "ನಾನೇನು ಕಲ್ಲಾ, ಮಾರಿಫೆ? ನನಗೂ ಭಯ ಇದೆ. ಇದಕ್ಕೂ ಭಯ, ಅದಕ್ಕೂ ಭಯ. ನಿಮ್ಮಕ್ಕ ಒಂದು ಸಾಲು ಬರೀಲಿ, ಹಾಕ್ಸಿ ಅಂತ. ನಾನೇ ಎತ್ಕೊಂಡು ಹೋಗ್ತೀನಿ, ಚಪ್ಪಲಿ ಕೂಡ ಹಾಕ್ಕೊಳ್ಳಲ್ಲ."

ಮಠಕ್ಕೆ ಫೋನ್ ಮಾಡೋಣವೇ, ಹೊರಗಿನ ಕೆಲಸ ನೋಡುವ ಸಿಸ್ಟರ್ ನಿನ್ನನ್ನು ಕೇಳಿ ಹೇಳುತ್ತಾರೆ ಎಂದೆ. "ಹೊರಗಿನ ಸಿಸ್ಟರ್ ಫೋನಲ್ಲಿ ಹೇಳಿದ್ದು ನನಗೆ ಬೇಡ. ನಿಮ್ಮಕ್ಕ ಮೊದಲು ಬರೆದಿದ್ದೂ ಕೈಯಲ್ಲೇ. ಇದನ್ನೂ ಅವರ ಕೈಯಲ್ಲೇ ಬರೀಲಿ" ಎಂದರು.

ಅಕ್ಕ, ಮುಂದಿನ ವಾರ ಬೂದಿ ಬುಧವಾರ. ಅದಾದ ಮೇಲೆ ತಪಸ್ಸುಕಾಲ, ಈಸ್ಟರ್ ವರೆಗೆ ನಿಮಗೆ ಪತ್ರ ಕೊಡುವುದಿಲ್ಲ. ಅದಕ್ಕೆ ಮೊದಲು ಒಂದೇ ಒಂದು ಸಾಲು ಬರಿ. ನಿನ್ನ ಮೊದಲನೆಯ ಪತ್ರ ಬೇಡ ಎಂಬ ಅರ್ಥದಲ್ಲಿ ಬರೆದದ್ದಲ್ಲ ಎಂದು ನನಗೆ ಗೊತ್ತು. ಆದರೆ ಅದು ಅಲ್ಲಿ ಪಟದ ಹಿಂದೆ ಇದೆ.

ಮೊನ್ನೆ ಅತ್ತೆ ಬಟ್ಟೆ ಒಗೆಯಲು ಹೋಗಿದ್ದಾಗ ಕಿಯೆಲ್‌ನನ್ನು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆಂದು ನಮ್ಮ ಗೇಟಿನವರೆಗೆ ಹೋಗಿದ್ದೆ. ಬೆಂಚಿನವರು ನೋಡಿದರು. "ಎಲ್ಲಿಗಮ್ಮ?" ಎಂದರು. ಎಲ್ಲಿಗೂ ಇಲ್ಲ ಎಂದು ವಾಪಸ್ ಬಂದೆ.

ಬೇಗ ಬರಿ.

ಮಾರಿಫೆ

*

ಸಂತ ಕ್ಲಾರಾ ಮಠ
ಏಪ್ರಿಲ್ 22, 2019, ಈಸ್ಟರ್ ಮರುದಿನ

ನನ್ನ ಮುದ್ದು ಮಾರಿಫೆ,

ಯೇಸು ಎದ್ದಿದ್ದಾರೆ! ನಿನ್ನೆ ಪೂಜೆಯಾದ ಮೇಲೆ ಮದರ್ ತಪಸ್ಸುಕಾಲದ ಪೆಟ್ಟಿಗೆ ತೆಗೆದು ನಮ್ಮ ನಮ್ಮ ಪತ್ರಗಳನ್ನು ಹಂಚಿದರು. ನಿನ್ನ ಪತ್ರ ಬೂದಿ ಬುಧವಾರದ ಮಧ್ಯಾಹ್ನವೇ ಬಂದಿತ್ತಂತೆ. ಬೆಳಿಗ್ಗೆ ಬಂದಿದ್ದರೂ ಅಷ್ಟೇ, ಹಿಂದಿನ ರಾತ್ರಿಯೇ ಪೆಟ್ಟಿಗೆಗೆ ಬೀಗ ಬೀಳುತ್ತದೆ. ಓದಿದ ಕೂಡಲೇ ಮದರ್ ಹತ್ತಿರ ಓಡಿದೆ, ಹಬ್ಬದ ಕೆಲಸ ಬಿಟ್ಟು ಬರೆಯಲು ಅನುಮತಿ ಕೇಳಿದೆ.

ನಿನ್ನ ಅತ್ತೆಗೆ ಕಾಣುವ ಹಾಗೆ ದೊಡ್ಡದಾಗಿ ಬರೆಯುತ್ತೇನೆ:

ಹಾಕಿಸಿ. ಇವತ್ತೇ ಹಾಕಿಸಿ. ನಾನು ಬೇಡ ಎಂದಿಲ್ಲ.

ಹೊರಗಿನ ಕೆಲಸ ನೋಡುವ ಸಿಸ್ಟರ್ ಆಸ್ಪತ್ರೆಯ ಡಾಕ್ಟರರನ್ನು ವಿಚಾರಿಸಿ ಬಂದರು. ಜೋಸಿ ಹೇಳಿದ್ದೇ ಸರಿ. ಈ ಮದ್ದು ಬೇರೆ, ಬಹಳ ವರ್ಷಗಳಿಂದ ಇರುವುದು, ನೀನೂ ನಾನೂ ಹಾಕಿಸಿಕೊಂಡದ್ದು. ಅತ್ತೆಗೆ ಚಪ್ಪಲಿ ಹಾಕಿಕೊಂಡೇ ಹೋಗಲು ಹೇಳು, ರಸ್ತೆ ಕಾದಿರುತ್ತದೆ.

ಇನ್ನೊಂದು ಮಾತು. ಮಾರ್ಚ್ ತಿಂಗಳಲ್ಲಿ ನಿಮ್ಮ ಕಡೆಯಿಂದ ಯಾರೋ ಹುಡುಗಿ ಒಂದು ಬುಟ್ಟಿ ಮೊಟ್ಟೆ ಕೊಟ್ಟು ಒಂದು ಚೀಟಿ ಬಿಟ್ಟುಹೋದಳಂತೆ. "ಎರಡು ವರ್ಷದ ಗಂಡುಮಗು, ದಡಾರ, ಜ್ವರ ಇಳಿಯುತ್ತಿಲ್ಲ." ಹೆಸರಿರಲಿಲ್ಲ. ಮದರ್ ಅದನ್ನು ಓದಿದಾಗ, ದ್ವೀಪದ ಮಗು ಎಂದು ನಾನು ಅದನ್ನು ನನ್ನ ಪಾಲಿಗೆ ತೆಗೆದುಕೊಂಡೆ. ತಪಸ್ಸುಕಾಲ ಮುಗಿಯುವ ತನಕ ದಿನಾ ಆ ಮಗುವಿಗಾಗಿ ಮೊಣಕಾಲೂರಿದೆ. ಅದು ಯಾರ ಮನೆಯ ಮಗು ಎಂದು ನಿನಗೆ ಗೊತ್ತಾದರೆ, ಗುಣವಾಯಿತೇ ಎಂದು ತಿಳಿಸು. ಅವರಿಗೂ ಹೇಳು, ಇಲ್ಲಿ ಒಬ್ಬಳು ಅದನ್ನು ತನ್ನ ಮಗುವೆಂದೇ ಎಣಿಸಿದ್ದಳು ಎಂದು.

ಕಿಯೆಲ್‌ಗೆ ಎರಡು ತುಂಬಿತಲ್ಲ. ಈಗ ಎಷ್ಟು ಮಾತು ಜೋಡಿಸುತ್ತಾನೆ?

ನಿನ್ನ ಅಕ್ಕ,
ಅಸುಂತಾ

*

ಮಲಿನಾವ್
ಮೇ 8, 2019

ಅಕ್ಕ,

ಬೆಳಿಗ್ಗೆ ಒಂಬತ್ತು ಗಂಟೆ. ನಿನ್ನೆ ಮನೆಯಲ್ಲಿ ತುಂಬ ಜನಕ್ಕೆ ಅಡಿಗೆಯಿತ್ತು. ಇವತ್ತು ಪಾತ್ರೆ ತೊಳೆದು ಸಾಕಾಗಿದೆ.

ನಿನ್ನ ಪತ್ರ ಬಂತು. ಅತ್ತೆಗೆ ಓದಿ ಹೇಳಿದೆ. ಅವರು ಚೆನ್ನಾಗಿದ್ದಾರೆ. ರೊಹೆಲ್ ಕೆಲಸಕ್ಕೆ ಹೋಗುತ್ತಿದ್ದಾನೆ.

ಮುಂದಿನ ಸೋಮವಾರ ಚುನಾವಣೆ. ಹೊರದೇಶದ ಅಕ್ಕಿ ಬಂದರೆ ಅಗ್ಗವಾಗುತ್ತದೋ ಇಲ್ಲವೋ ಎಂದು ಬೆಂಚಿನವರು ಜಗಳವಾಡುತ್ತಾರೆ. ನಮ್ಮ ಅಂಗಡಿಯಲ್ಲಿ ಅಗ್ಗವಾಗಿಲ್ಲ.

ಆ ಮೊಟ್ಟೆ ನಮ್ಮ ಕಡೆಯವೇ. ಆ ಮನೆ ನನಗೆ ಗೊತ್ತು. ಹೇಳುತ್ತೇನೆ.

ಮಾರಿಫೆ

*

ಸಂತ ಕ್ಲಾರಾ ಮಠ
ಮೇ 20, 2019

ಮಾರಿಫೆ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಅವನ ಹೆಸರಿಲ್ಲ.

ತುಂಬ ಜನಕ್ಕೆ ಅಡಿಗೆಯಿತ್ತು ಎಂದು ಬರೆದಿದ್ದೀಯ. ಆ ದಿನ ಊರಿನ ಹಬ್ಬವಲ್ಲ, ಯಾರ ಹುಟ್ಟುಹಬ್ಬವೂ ಅಲ್ಲ. ನಮ್ಮ ಮನೆಗಳಲ್ಲಿ ಯಾವ ದಿನಕ್ಕೆ ಹಾಗೆ ಅಡಿಗೆ ಮಾಡುತ್ತಾರೆಂದು ನನಗೂ ಗೊತ್ತು. ಅಮ್ಮ ಹೋದಾಗ ನಲವತ್ತನೆಯ ದಿನಕ್ಕೆ ನಾವಿಬ್ಬರೇ ಕೂತು ತರಕಾರಿ ಹೆಚ್ಚಿದ್ದೆವು.

ಆ ಮನೆ ಯಾರದು?

ಸಾವಿನ ಸುದ್ದಿಗೆ ಪೆಟ್ಟಿಗೆ ಇಲ್ಲ. ಫೋನ್ ಬಂದರೆ ಶುಭ ಶುಕ್ರವಾರವಾದರೂ ಮದರ್ ಕರೆಯುತ್ತಿದ್ದರು. ಇದು ನಿನಗೆ ಗೊತ್ತಿಲ್ಲದ್ದಲ್ಲ.

ನವೆಂಬರಿನಲ್ಲಿ ನಾನು ಬರೆದ ಆ ಸಾಲುಗಳನ್ನು ನೀವಿಬ್ಬರೂ ಜಗಳವಾಡದಿರಲಿ ಎಂದು ಬರೆದಿದ್ದೆ. ಸೂಜಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಒಂದು ಒಳ್ಳೆಯ ಮಾತು ಆಡಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ.

ಬರಿ. ಏನಿದ್ದರೂ ಬರಿ.

ಅಸುಂತಾ

*

ಮಲಿನಾವ್
ಜೂನ್ 2, 2019, ಭಾನುವಾರ

ಅಕ್ಕ,

ಸಂಜೆ ನಾಲ್ಕು ಗಂಟೆ. ಬೆಳಿಗ್ಗೆ ಪೂಜೆ ಮುಗಿಸಿ ಸ್ಮಶಾನಕ್ಕೆ ಹೋಗಿದ್ದೆವು. ಮಣ್ಣು ಸ್ವಲ್ಪ ಕೂತಿದೆ, ಇನ್ನು ಸಿಮೆಂಟ್ ಹಾಕಬಹುದು ಎಂದು ರೊಹೆಲ್ ಹೇಳಿದ. ಬಂದು ಅಂಗಡಿ ತೆಗೆದೆ. ಹೊತ್ತು ಹೀಗೇ ಹೋಯಿತು.

ಆ ಮನೆ ನಮ್ಮದು.

ಬೂದಿ ಬುಧವಾರ ಸಂಜೆ ಹಣೆಗೆ ಬೂದಿ ಇಡಿಸಿಕೊಂಡು ಬಂದೆವು. ನಿನ್ನ ಪತ್ರ ಬಂದಿರಲಿಲ್ಲ. ಅತ್ತೆ ಹಟ ಮಾಡಲಿಲ್ಲ, ಕೋಪಿಸಿಕೊಳ್ಳಲಿಲ್ಲ. "ಪೆಟ್ಟಿಗೇಲಿ ಇರತ್ತೆ. ಈಸ್ಟರ್‌ಗೆ ಬರತ್ತೆ. ಈಸ್ಟರ್ ಏನು ದೂರ?" ಎಂದರು. ರೊಹೆಲ್ ಆಗಲಿ ಎಂದ. ನಾನೂ ಆಗಲಿ ಎಂದೆ. ಅಕ್ಕ, ಯಾರೂ ಬೇಡ ಎನ್ನಲಿಲ್ಲ. ಮೂರು ಜನ ಕೂತು, ಸಮಾಧಾನವಾಗಿ, ಕಾಯೋಣ ಎಂದು ಮಾತಾಡಿಕೊಂಡೆವು. ಮನೆಯಲ್ಲಿ ಅಂಥ ಒಮ್ಮತ ಅದಕ್ಕೆ ಮೊದಲು ಯಾವತ್ತೂ ಇರಲಿಲ್ಲ.

ಅವನ ಹುಟ್ಟುಹಬ್ಬಕ್ಕೆ ಶಾವಿಗೆ ಮಾಡಿದೆ. ಅದಾದ ಮುಂದಿನ ವಾರ ಕಣ್ಣು ಕೆಂಪಾಯಿತು, ಜ್ವರ ಬಂತು. ಕಿವಿಯ ಹಿಂದೆ ಶುರುವಾಗಿ ಮೈಗೆಲ್ಲ ಇಳಿಯಿತು. ಅತ್ತೆ ಕಿಟಕಿಗೆ ಕಂಬಳಿ ಕಟ್ಟಿದರು, ನೀರು ಮುಟ್ಟಿಸಬಾರದು ಎಂದರು, ಸೊಪ್ಪು ಕುದಿಸಿದರು. ಕೆಂಪು ಹೊರಗೆ ಬಂದರೆ ಒಳಗೆ ತಣ್ಣಗಾಗುತ್ತದೆ ಎಂದು ಎಲ್ಲರೂ ಹೇಳುವುದು ತಾನೆ. ಮಾಂಗ್ ಲಿತೊರ ಮಗಳು ನಿಮ್ಮ ಊರಿನಲ್ಲಿ ಓದುತ್ತಾಳೆ. ಅವಳ ಕೈಯಲ್ಲಿ ಅತ್ತೆ ಮೊಟ್ಟೆ ಕಳಿಸಿದರು. ಹೆಸರು ಬರೆಸಬೇಡ ಎಂದದ್ದೂ ಅವರೇ. "ನಮ್ಮ ಮಗು ಅಂತ ಗೊತ್ತಾದ್ರೆ ಸಿಸ್ಟರ್ ತಪಸ್ಸು ಕೆಡತ್ತೆ. ದೇವರಿಗೆ ಹೆಸರು ಗೊತ್ತು" ಎಂದರು.

ನೀನು ನಿನ್ನ ಮಗುವೆಂದು ಎಣಿಸಿ ಮೊಣಕಾಲೂರಿದ್ದು ಅವನಿಗೇ.

ಅವನಿಗೆ ಉಸಿರಾಡಲು ಕಷ್ಟವಾದಾಗ ರೊಹೆಲ್ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಮೊದಲೇ ಬಹಳ ಮಕ್ಕಳಿದ್ದರು. ಅವರು ಮಾಡಬಹುದಾದ್ದನ್ನೆಲ್ಲ ಮಾಡಿದರು. ಬಾಗಿಲಲ್ಲಿ ಒಬ್ಬರು, ಒಳಗೆ ಒಬ್ಬ ನರ್ಸ್, ಆಮೇಲೆ ಡಾಕ್ಟರಮ್ಮ, ಎಲ್ಲರೂ ಅದನ್ನೇ ಕೇಳಿದರು. "ಲಸಿಕೆ ಹಾಕ್ಸಿದೀರಾ?" ಪ್ರತಿ ಸಲವೂ ನನಗಿಂತ ಮೊದಲು ಅತ್ತೆಯೇ ಉತ್ತರ ಕೊಟ್ಟರು. "ಸಿಸ್ಟರ್ ಪತ್ರ ಬರೋದಿದೆ." ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವರು ಅದನ್ನೇ ಮತ್ತೆ ಕೇಳಿದರು. ಅತ್ತೆಯೂ ಮತ್ತೆ ಅದನ್ನೇ ಹೇಳಿದರು.

ಮಾರ್ಚ್ ಇಪ್ಪತ್ತೊಂಬತ್ತು, ಶುಕ್ರವಾರ ಬೆಳಿಗ್ಗೆ ಹೋದ. ದಡಾರ ಇಳಿಯುತ್ತಿತ್ತು. ಮುಖದ ಕಲೆ ಮಾಸಿತ್ತು. ಹೋದದ್ದು ಶ್ವಾಸಕೋಶದಿಂದ ಎಂದರು.

ಮಠಕ್ಕೆ ಫೋನ್ ಮಾಡುತ್ತೇನೆ ಎಂದು ರೊಹೆಲ್ ಹೊರಟಿದ್ದ. ನಾನೇ ಬೇಡವೆಂದೆ. ಅವಳ ತಪಸ್ಸು ಕೆಡುತ್ತದೆ ಎಂದು ಅತ್ತೆಯ ಮಾತನ್ನೇ ಹೇಳಿದೆ. ಆದರೆ ನಿಜ ಅದಲ್ಲ. ಸಾವಿನ ಸುದ್ದಿಗೆ ಪೆಟ್ಟಿಗೆ ಇಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿ ಬೀಗ ಹಾಕಿಕೊಂಡು ಕೂತಿದ್ದೀಯಲ್ಲ, ಕೂತಿರು ಎಂದು ನನ್ನ ಮನಸ್ಸಿನಲ್ಲಿತ್ತು. ಈಸ್ಟರ್ ದಿನ ನೀನು ಸಂತೋಷದಿಂದ ನನ್ನ ಆ ಪತ್ರ ಒಡೆಯುವುದನ್ನು ನಾನು ಯೋಚಿಸಿಕೊಂಡೆ. ಯೋಚಿಸಿಕೊಂಡು, ಒಡೆಯಲಿ ಎಂದುಕೊಂಡೆ. ಅದನ್ನೂ ಬರೆದಿದ್ದೇನೆ. ಏನಿದ್ದರೂ ಬರಿ ಎಂದೆಯಲ್ಲ.

ಮಣ್ಣಿಗೆ ಮೊದಲು ಅವನ ಹತ್ತಿರ ಜಾಗರಣೆ ಕೂತ ದಿನ ಜೋಸಿ ಬಂದಿದ್ದಳು. ಅವಳ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅವಳು ಅಡಿಗೆಮನೆಗೆ ಹೋಗಿ ಕಾಫಿ ಲೋಟಗಳನ್ನೆಲ್ಲ ತೊಳೆದಿಟ್ಟು, ನನ್ನ ಕೈ ಹಿಡಿದು, ಏನೂ ಹೇಳದೆ ಹೋದಳು. ಹೇಳಿದ್ದರೆ ಚೆನ್ನಾಗಿತ್ತು. ನಾನು ಮೊದಲೇ ಹೇಳಿರಲಿಲ್ಲವೇ ಎಂದಿದ್ದರೂ ನನಗೆ ಆಗುತ್ತಿತ್ತು.

ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ರೊಹೆಲ್ ಹರಕೆ ಬಿಡಲಿಲ್ಲ. ಕಿಯೆಲ್ ಹುಟ್ಟಿದಾಗ ಹೊತ್ತ ಹರಕೆ ಅದು. ರೋಮನ್ ಸಿಪಾಯಿಯ ವೇಷ ಹಾಕಿ, ಮರದ ಮುಖವಾಡ ಕಟ್ಟಿಕೊಂಡು, ವಾರವೆಲ್ಲ ಬಿಸಿಲಲ್ಲಿ ನಡೆದ. ಪಟ್ಟಣದ ಮಕ್ಕಳು ಹೆದರಿ ಕಿರುಚುತ್ತ ಓಡುವುದು, ಇವನು ಕತ್ತಿ ಬಡಿಯುತ್ತ ಅಟ್ಟಿಸಿಕೊಂಡು ಹೋಗುವುದು, ಎಲ್ಲ ಮಾಮೂಲಿನಂತೆ. ಶುಕ್ರವಾರ ಮನೆಗೆ ಬಂದು ಮುಖವಾಡ ತೆಗೆಯದೆ ಹಿತ್ತಲಲ್ಲಿ ಕೂತ. ಗಲ್ಲದ ಕೆಳಗಿಂದ ನೀರು ಇಳಿಯುತ್ತಿತ್ತು. ಬೆವರು ಎಂದುಕೊಂಡೆ. ತೆಗೆ ಎಂದು ನಾನೂ ಹೇಳಲಿಲ್ಲ.

ನಿನ್ನ ಈಸ್ಟರ್ ಪತ್ರ ಬಂದಾಗ ಅತ್ತೆ ಮೆಣಸಿನಕಾಯಿ ಬಿಡಿಸುತ್ತಿದ್ದರು. ಓದಿದೆ. ದೊಡ್ಡ ಅಕ್ಷರವನ್ನು ತೋರಿಸಿದೆ. "ಯಾವತ್ತು ಬರೆದಿದ್ದಾರೆ?" ಎಂದರು. ಇಪ್ಪತ್ತೆರಡು ಎಂದೆ. "ಬೇಡ ಅಂದೇ ಇರ್ಲಿಲ್ವಾ ಹಾಗಾದ್ರೆ?" ಇಲ್ಲ ಎಂದೆ. ಅವರು ಮೆಣಸಿನಕಾಯಿಯ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಆಮೇಲೆ ಉರಿ ತಾಳದೆ ತೊಟ್ಟಿಯ ಹತ್ತಿರ ಓಡಿದರು. ನಾನು ನೀರು ಹಾಕಿದೆ. ಆವತ್ತಿನಿಂದ ದಿನಾ ಒಂದು ಸಲ ಆ ಪತ್ರ ಓದಿಸಿಕೊಳ್ಳುತ್ತಾರೆ. ಚಪ್ಪಲಿಯ ಸಾಲು ಬಂದಾಗ ತಲೆ ಆಡಿಸುತ್ತಾರೆ. ಓದುವವಳು ನಾನೇ, ಅಕ್ಕ. ಬೇರೆ ಯಾರು ಓದಬೇಕು. ಅವರಿಗೆ ಅಕ್ಷರ ಬರುವುದಿಲ್ಲ.

ಜನ ಏನು ಹೇಳುತ್ತಾರೆ ಎಂದು ನೀನು ಯಾವಾಗಲೂ ಕೇಳುತ್ತಿದ್ದೆ. ಈಗಲೂ ಬರೆಯುತ್ತೇನೆ, ಕೇಳು. ಜೋಸಿಯೇ ಮನೆಯಿಂದ ಮನೆಗೆ ತಿರುಗಿ ದಡಾರ ತಂದಳು ಎನ್ನುತ್ತಾರೆ. ಹೊಸ ಮೊಬೈಲ್ ಟವರಿನಿಂದ ಮಕ್ಕಳ ರಕ್ತ ತೆಳುವಾಗಿದೆ ಎನ್ನುತ್ತಾರೆ. ಆಸ್ಪತ್ರೆಗೆ ಹೋದದ್ದರಿಂದಲೇ ಹೋಯಿತು, ಮನೆಯಲ್ಲೇ ಇಟ್ಟುಕೊಂಡಿದ್ದರೆ ಉಳಿಯುತ್ತಿತ್ತು ಎನ್ನುತ್ತಾರೆ. ಮಾಂಗ್ ಲಿತೊ ನನ್ನ ತಲೆಯ ಮೇಲೆ ಕೈಯಿಟ್ಟು, "ಹಾಕ್ಸಿದ್ರೂ ಹೋಗೋ ಮಗು ಹೋಗ್ತಿತ್ತಮ್ಮ. ಮನಸ್ಸಿಗೆ ಹಚ್ಕೋಬೇಡ" ಎಂದರು. ಅವರು ಒಳ್ಳೆಯವರು. ಶವಪೆಟ್ಟಿಗೆಯ ಹಲಗೆ ಅವರೇ ಕೊಟ್ಟದ್ದು. ಬೆಂಚಿನಲ್ಲಿ ಎಲ್ಲರೂ ಒಳ್ಳೆಯವರೇ. ಈಗ ನಾನು ಅಂಗಡಿಯಲ್ಲಿ ರೇಡಿಯೊ ಹಾಕುವುದಿಲ್ಲ, ಆದರೂ ಅವರು ಫೋನಿನಲ್ಲಿ ನೋಡಿಕೊಂಡು ಬರುತ್ತಾರೆ.

ನೀನು ಬರೆಯಬೇಡ ಎನ್ನುವುದಿಲ್ಲ. ಬರೆದರೆ ಓದುತ್ತೇನೆ. ಆದರೆ ಒಳ್ಳೆಯ ಮಾತು ಬರೆಯಬೇಡ. ಮಳೆ ಬಂತೋ, ಏನು ಊಟ, ಯಾರಿಗೆ ಮಂಡಿ ನೋವು, ಅಷ್ಟು ಬರಿ.

ನಿನ್ನೆ ಜೆನಲಿನ್ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಳು. ಅವಳ ಮಗುವಿಗೆ ಈಗ ಒಂಬತ್ತು ತಿಂಗಳು. ಸಾಬೂನು ತೆಗೆದುಕೊಂಡಳು, ಹೋಗದೆ ನಿಂತಳು.

"ಮಾರಿಫೆ, ನೀನೇ ಹೇಳು. ಹಾಕ್ಸ್ಲಾ?"

ಬೆಂಚಿನವರೆಲ್ಲ ಈ ಕಡೆ ತಿರುಗಿದರು. ಅತ್ತೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. "ಹಾಕ್ಸು" ಎಂದೆ. "ಹಾಕ್ಸಮ್ಮ" ಎಂದು ಅತ್ತೆಯೂ ಹೇಳಿದರು. ಜೆನಲಿನ್ ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಮಗುವನ್ನು ಆ ಭುಜದಿಂದ ಈ ಭುಜಕ್ಕೆ ಹಾಕಿಕೊಂಡಳು. ನಮ್ಮ ಮನೆಯ ನೆರಳು ಅದರ ಮೇಲೆ ಬಿತ್ತೇನೋ ಎನ್ನುವ ಹಾಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ನೋಡ್ತೀನಿ. ಅವರನ್ನೂ ಕೇಳ್ಬೇಕು" ಎಂದಳು.

ಇವತ್ತು ಮಧ್ಯಾಹ್ನ ಅವಳ ಗಂಡ ಬಂದು ರೊಹೆಲ್‌ನ ಆಟೋ ಗೊತ್ತು ಮಾಡಿ ಹೋದ. ಜೋಸಿ ನಾಳೆ ಒಂಬತ್ತು ಗಂಟೆಗೆ ಪೆಟ್ಟಿಗೆ ತೆಗೆದುಕೊಂಡು ನಮ್ಮ ಬೀದಿಗೆ ಬರುತ್ತಾಳೆ. ಜೆನಲಿನ್ ಮಗುವನ್ನು ಕರೆದುಕೊಂಡು ನಾಳೆ ಆರು ಗಂಟೆಯ ದೋಣಿಗೆ ತವರಿಗೆ ಹೋಗುತ್ತಿದ್ದಾಳೆ.

ಮಾರಿಫೆ